ಜಪಾನಿನ ಮರದಚ್ಚು

ಕಾಸರಗೋಡು ಕಡೆಯ ಬೋವಿಕಾನ ಪೇಟೆಯಲ್ಲಿ ನನಗೊಂದು ಫ್ರೇಮ್ ಹಾಕುವ ಅಂಗಡಿ ಇದೆ. ಹೆಸರು ಈಶ್ವರಪ್ರಸಾದ ಎಂದಾದರೂ ಊರವರಿಗೆ ನಾನು ಗ್ಲಾಸು ಈಶ್ವರಣ್ಣ. ನನ್ನಲ್ಲಿಗೆ ಬರುವ ಚಿತ್ರಗಳು ಮೂರೇ ಬಗೆ: ದೇವರು, ಮದುಮಕ್ಕಳು, ತೀರಿಕೊಂಡವರು. ದೇವರು ತಡವಾದರೆ ಕಾಯುತ್ತಾನೆ. ಮದುಮಕ್ಕಳು ಕಾಯುವುದಿಲ್ಲ, ಕೆಲವು ಸಲ ಫ್ರೇಮಿನ ವಾರ್ನಿಶ್ ಒಣಗುವ ಮೊದಲೇ ಮನಸ್ಸು ಬದಲಾಯಿಸಿರುತ್ತಾರೆ. ತೀರಿಕೊಂಡವರಷ್ಟು ಒಳ್ಳೆಯ ಗಿರಾಕಿ ಇಲ್ಲ. ನನ್ನ ಮೂಗು ಸೊಟ್ಟ ಕಾಣುತ್ತದೆ ಎಂದು ಅವರಲ್ಲಿ ಒಬ್ಬರೂ ಈವರೆಗೆ ಬಂದು ದೂರಿಲ್ಲ.

ಈ ಮೂರಕ್ಕೂ ಸೇರದ ಚಿತ್ರ ನಮ್ಮ ಊರಿನಲ್ಲಿ ಒಂದೇ ಇತ್ತು. ಅದು ಲೋಕನಾಥನ ಮನೆಯದ್ದು. ಅದಕ್ಕೆ ಫ್ರೇಮ್ ಹಾಕಿದ್ದು ನನ್ನ ಅಪ್ಪ.

ಲೋಕನಾಥ ಗೂಡ್ಸ್ ರಿಕ್ಷಾ ಓಡಿಸುತ್ತಾನೆ. ಒಳ್ಳೆಯವನು, ಆದರೆ ಯಾವ ಸಾಮಾನು ಹೇರಿದನೋ ಆ ದಿನ ಅದರ ಪಂಡಿತ. ಸಿಮೆಂಟ್ ಹೇರಿದ ದಿನ ಇಂಜಿನಿಯರ್. ಔಷಧದ ಪೆಟ್ಟಿಗೆ ಹೇರಿದ ದಿನ ಅವನ ಎದುರು ಯಾರೂ ಕೆಮ್ಮುವಂತಿಲ್ಲ. ಅವನ ಅಮ್ಮ ಕಿನ್ನಿಯಕ್ಕ. ಕಿನ್ನಿ ಎಂದರೆ ತುಳುವಿನಲ್ಲಿ ಚಿಕ್ಕದು. ಕಿನ್ನಿಯಕ್ಕ ಈ ವಯಸ್ಸಿನಲ್ಲೂ ಬಾಗಿಲು ದಾಟುವಾಗ ತಲೆ ತಗ್ಗಿಸಬೇಕು.

ಕಿನ್ನಿಯಕ್ಕನ ಗಂಡ ಐತಪ್ಪಣ್ಣ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು. ಲೋಕನಾಥ ತೊಟ್ಟಿಲಲ್ಲಿದ್ದಾಗ ಬೊಂಬಾಯಿಗೆ ಹೋಗಿ ಹಡಗು ಹತ್ತಿದರು. ಒಂದು ಮಳೆಗಾಲದಲ್ಲಿ ಅದೇ ಹಡಗಿನಲ್ಲಿದ್ದ ಉಪ್ಪಳದ ಮೊಯ್ದಿನಬ್ಬ ಒಂದು ತಗಡಿನ ಕೊಳವೆ ತಂದುಕೊಟ್ಟರು. ಅದರ ಒಳಗೆ ಸುರುಳಿ ಸುತ್ತಿದ ಒಂದು ಚಿತ್ರ. ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದು ಇಷ್ಟು: "ಇದು ಜಪಾನ್. ಇಲ್ಲಿಯೂ ಮಳೆ ನಮ್ಮಲ್ಲಿಯ ಹಾಗೆಯೇ. ಬರ್ತೇನೆ ಎಂತ ಹೇಳು." ಆಮೇಲೆ ಐತಪ್ಪಣ್ಣನ ಸುದ್ದಿ ಇಲ್ಲ. ಯಾವುದೋ ಬಂದರಿನಲ್ಲಿ ಇಳಿದರಂತೆ, ಹಡಗು ಹೊರಡುವಾಗ ಇರಲಿಲ್ಲವಂತೆ. ಅವರದ್ದೊಂದು ಫೋಟೋ ಕೂಡ ಮನೆಯಲ್ಲಿಲ್ಲ. ಇದ್ದದ್ದು ಈ ಚಿತ್ರ ಮಾತ್ರ.

ಚಿತ್ರದಲ್ಲಿ ಒಂದು ಉದ್ದದ ಮರದ ಸಂಕ, ಎಂದರೆ ಸೇತುವೆ. ಕೆಳಗೆ ನೀಲಿ ಹೊಳೆ. ಓರೆಯಾಗಿ ಗೀರಿದ ಹಾಗೆ ಮಳೆ. ಸಂಕದ ಮೇಲೆ ಒಬ್ಬನೇ ಮನುಷ್ಯ. ತಲೆಯ ಮೇಲೆ ನಮ್ಮ ಅಡಿಕೆ ಹಾಳೆಯ ಮುಟ್ಟಾಳೆಯಂಥ, ಆದರೆ ಅಗಲವಾದ ಟೋಪಿ. ಬೆನ್ನಿಗೆ ಮಳೆ ತಡೆಯುವ ಹುಲ್ಲಿನ ಗೊರಬು. ಮುಖ ಕಾಣುವುದಿಲ್ಲ. ಕಿನ್ನಿಯಕ್ಕ ಮೊದಲ ದಿನವೇ ಗುರುತು ಹಿಡಿದರು: "ಇವರೇ."

"ಜಪಾನಿಗೆ ಹೋದವರು ಗೊರಬು ಹಾಕ್ತಾರಾ ಅಮ್ಮ?" ಎಂದು ಲೋಕನಾಥ ದೊಡ್ಡವನಾದ ಮೇಲೆ ಕೇಳಿದ್ದುಂಟು.

"ಮಳೆ ಬಂದರೆ ಮತ್ತೆಂತ ಹಾಕುವುದು?"

ಕಿನ್ನಿಯಕ್ಕನಿಗೆ ಆ ಚಿತ್ರದ ಮೇಲೆ ಒಂದೇ ದೂರು. ಸಂಕದ ಮೇಲಿನ ಮನುಷ್ಯ ಎಡಗಡೆಗೆ ನಡೆಯುತ್ತಾನೆ. ಎಡಗಡೆ ಇರುವುದು ಮನೆಯ ಬಾಗಿಲು, ಬಲಗಡೆ ಅಡುಗೆಮನೆ. "ಯಾವಾಗ ನೋಡಿದರೂ ಹೊರಗೇ ಹೋಗ್ತಾರೆ" ಎಂದು ಗೊಣಗುತ್ತಾ ಅವರು ಅದರ ಧೂಳು ಒರೆಸುತ್ತಿದ್ದರು. ಎದುರಿನ ಗೋಡೆಗೆ ಹಾಕಿದರೆ ಒಳಗೆ ಬಂದ ಹಾಗಾಗುತ್ತಿತ್ತು. ಆದರೆ ಅದು ಪಡುವಣ ಗೋಡೆ, ಮಳೆಗಾಲ ಪೂರ್ತಿ ಬೆವರುತ್ತದೆ. ಅಲ್ಲಿ ನೇತುಹಾಕಿದ ಗಣಪತಿಯ ಸೊಂಡಿಲಿಗೆ ಒಂದೇ ವರ್ಷದಲ್ಲಿ ಬೂಷ್ಟು ಹಿಡಿದದ್ದನ್ನು ನಾನೇ ಕಂಡಿದ್ದೇನೆ.

ಐತಪ್ಪಣ್ಣನ ಅಕ್ಕ, ಉಪ್ಪಳದ ದೇಯಿಯತ್ತೆ, ವರ್ಷಕ್ಕೊಮ್ಮೆಯಾದರೂ ಬಂದು ಹೇಳುವುದಿತ್ತು: "ಇಷ್ಟು ಕಾಲ ಕಾಣದವ ಸತ್ತ ಎಂತಲೇ ಲೆಕ್ಕ, ಕಿನ್ನಿ. ಹುಲ್ಲಿನ ಬೊಂಬೆ ಮಾಡಿ ಕ್ರಿಯೆ ಮುಗಿಸುವ. ನೀನು ಕರಿಮಣಿ ತೆಗೆ. ಅವನ ಆತ್ಮಕ್ಕಾದರೂ ಒಂದು ದಾರಿ ಆಗಲಿ."

ಕಿನ್ನಿಯಕ್ಕ ಗೋಡೆಯ ಕಡೆ ಕೈ ತೋರಿಸುತ್ತಿದ್ದರು. "ದಾರಿಯಲ್ಲೇ ಇದ್ದಾರಲ್ಲ, ಅತ್ತಿಗೆ."

ಹೀಗೆ ಆ ಮನೆಯಲ್ಲಿ ಎಲ್ಲವೂ ಸುಸೂತ್ರವಾಗಿತ್ತು. ಕೆಡಿಸಿದ್ದು ಒಂದು ತೂಗುದೀಪ.

ಲೋಕನಾಥನ ನೆರೆಯ ಸುಧೀರ್ ದುಬೈಯಲ್ಲಿ ದುಡಿದು ಎರಡು ಮಾಳಿಗೆಯ ಮನೆ ಕಟ್ಟಿಸಿದ. ಮನೆಯೊಕ್ಕಲಿನ ದಿನ ಊರಿಗೆ ಊರೇ ಹೋಯಿತು. ಒಳಗೆ ಕಾಲಿಟ್ಟವರೆಲ್ಲ ಕತ್ತು ಮೇಲೆತ್ತಿ ಬಾಯಿ ತೆರೆದು ನಿಲ್ಲುವುದನ್ನು ಕಂಡು, ಎಲ್ಲರಿಗೂ ಔಷಧದ ಹನಿ ಹಾಕುತ್ತಾರೋ ಎಂದು ನಾನು ಅಂದುಕೊಂಡೆ. ಮೇಲೆ ನೋಡಿದರೆ ಗಾಜಿನ ತೂಗುದೀಪ, ಒಂದು ಹಲಸಿನ ಮರದಷ್ಟು.

"ಕಂಟೈನರಿನಲ್ಲಿ ಬಂದದ್ದು" ಎಂದ ಸುಧೀರ್.

ಲೋಕನಾಥನಿಗೆ ತಡೆಯಲಾಗಲಿಲ್ಲ. ಹಿಂದಿನ ವಾರ ನೆಕ್ರಾಜೆಯ ಡ್ರಾಯಿಂಗ್ ಮಾಸ್ಟ್ರು ಕೇಶವಪ್ರಸಾದರು ಕಪಾಟು ಸಾಗಿಸಲಿಕ್ಕೆ ರಿಕ್ಷಾ ಗೊತ್ತು ಮಾಡಲು ಅವನ ಮನೆಗೆ ಬಂದಿದ್ದರು. ಗೋಡೆಯ ಚಿತ್ರವನ್ನು ನೋಡಿ, ಕನ್ನಡಕ ಏರಿಸಿ, "ಇದು ಜಪಾನಿನ ಮರದಚ್ಚು ಇರಬೇಕು ಮಾರಾಯ. ಮರದ ಹಲಗೆಯಲ್ಲಿ ಕೆತ್ತಿ, ಬಣ್ಣ ಹಚ್ಚಿ, ಕಾಗದಕ್ಕೆ ಒತ್ತುವುದು. ಹಳೆಯದಾದರೆ ದೊಡ್ಡ ವಸ್ತು" ಎಂದಿದ್ದರು. ಆ ವಾರ ಪೂರ್ತಿ ಲೋಕನಾಥ ಆ ಶಬ್ದವನ್ನು ಬಾಯಲ್ಲಿ ಇಟ್ಟುಕೊಂಡು ತಿರುಗಿದ್ದ. ಈಗ ಹೊರಗೆ ಬಿಟ್ಟ.

"ನಮ್ಮಲ್ಲಿ ಜಪಾನಿನ ಮರದಚ್ಚು ಉಂಟು."

"ಮರದ ಹುಚ್ಚಾ?" ಎಂದ ಸುಧೀರ್.

"ಮರದಚ್ಚು. ನೂರು ವರ್ಷದ್ದು. ಲೋಕದಲ್ಲಿ ಬೆರಳೆಣಿಕೆ."

"ಕಾಗದಪತ್ರ ಉಂಟಾ? ಈ ದೀಪಕ್ಕೆ ಉಂಟು. ಸೀಲ್ ಹಾಕಿದ್ದು."

ಮರುದಿನ ಸುಧೀರ್ ಲೋಕನಾಥನ ಮನೆಗೇ ಬಂದು ಚಿತ್ರಕ್ಕೆ ಫೋನು ಹಿಡಿದ. ಈಗಿನ ಫೋನುಗಳು ಯಾವ ವಸ್ತು ತೋರಿಸಿದರೂ ಗುರುತು ಹೇಳುತ್ತವಂತೆ. ಫೋನು ಸ್ವಲ್ಪ ಹೊತ್ತು ಆಲೋಚಿಸಿ, ಇದು ಬಚ್ಚಲುಮನೆಯ ಪರದೆ ಎಂದಿತು. ಇನ್ನೊಮ್ಮೆ ಹಿಡಿದಾಗ ದಿಂಬಿನ ಚೀಲ ಎಂದಿತು. ಕಿನ್ನಿಯಕ್ಕ ಒಳಗಿನಿಂದ ಬಂದು, "ಯಾರನ್ನು ಪರದೆ ಎಂತ ಹೇಳುವುದು ನೀನು?" ಎಂದು ಕೇಳಿದ ಮೇಲೆ ಸುಧೀರ್ ಫೋನನ್ನು ಕಿಸೆಗೆ ಹಾಕಿಕೊಂಡ.

ಲೋಕನಾಥ ನೆಕ್ರಾಜೆಗೆ ಓಡಿದ. ಮಾಸ್ಟ್ರ ಮಗಳು ಶ್ರೀರಂಜಿನಿ ಉತ್ತರದ ಕಡೆ ಒಂದು ಚಿತ್ರಕಲಾ ಕಾಲೇಜಿನಲ್ಲಿ ಇದೇ ಅಚ್ಚಿನ ವಿದ್ಯೆ ಕಲಿಸುವವಳು, ರಜೆಯಲ್ಲಿ ಮನೆಗೆ ಬಂದಿದ್ದಳು. ನಾಳೆ ಬೆಳಿಗ್ಗೆ ಬಂದು ನೋಡುತ್ತೇನೆ, ಆದರೆ ಫ್ರೇಮ್ ಬಿಚ್ಚಿ ಹಿಂಬದಿ ನೋಡದೆ ಏನೂ ಹೇಳಲಾಗದು ಎಂದಳು. ಲೋಕನಾಥ ನನ್ನ ಅಂಗಡಿಗೆ ಬಂದು, ಚಿಮಟ ಹಿಡಿದು ನಾಳೆ ಬರಬೇಕೆಂದ. ಅಲ್ಲಿಂದ ಸೀದಾ ವಿಲ್ಲೇಜ್ ಆಫೀಸಿಗೆ ಹೋದ. ಚಿತ್ರ ತನ್ನ ಅಪ್ಪನದ್ದು ಎಂದು ಸೀಲ್ ಹಾಕಿದ ಒಂದು ಕಾಗದ ಸಿಕ್ಕಿದರೆ, ಸುಧೀರನ ದೀಪವನ್ನು ಊದಿ ಆರಿಸಬಹುದು ಎಂಬುದು ಅವನ ಯೋಚನೆ. ಯಾವ ವಿಲ್ಲೇಜ್ ಆಫೀಸು ಎಂದು ನಾನು ಬರೆಯುವುದಿಲ್ಲ. ಅಲ್ಲಿಯ ಅಧಿಕಾರಿ ಒಳ್ಳೆಯ ಮನುಷ್ಯ.

ಇಲ್ಲಿ ಒಂದು ಮಾತು. ನಮ್ಮ ಊರಿನಲ್ಲಿ ತುಳು, ಕನ್ನಡ, ಮಲಯಾಳ ಮೂರೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ನಮಗೆ ಅದರಿಂದ ಅಜೀರ್ಣವಾದದ್ದಿಲ್ಲ. ಆದರೆ ಆ ಅಧಿಕಾರಿ ತೆಂಕಣ ಕೊಲ್ಲಂ ಕಡೆಯಿಂದ ಹೊಸದಾಗಿ ಬಂದವರು, ಮಲಯಾಳ ಮಾತ್ರ ಬಲ್ಲವರು. ಲೋಕನಾಥನಿಗೆ ಮಲಯಾಳ ನೀರು ಕುಡಿದ ಹಾಗೆ ಬರುತ್ತದೆ. ಆದರೆ ಮರದಚ್ಚಿಗೆ ಮಲಯಾಳದಲ್ಲಿ ಏನೆನ್ನುತ್ತಾರೆ ಎಂದು ಅವನಿಗೆ ಗೊತ್ತಿಲ್ಲ. ಕನ್ನಡದ ಶಬ್ದವನ್ನೇ ಮಲಯಾಳದ ನಡುವೆ ಕೂರಿಸಿದ. ಮಲಯಾಳದಲ್ಲಿ ಅಪ್ಪನಿಗೆ ಅಚ್ಚನ್ ಎನ್ನುತ್ತಾರೆ. ಸತ್ತುಹೋದ ಎನ್ನುವುದಕ್ಕೆ ಮರಿಚ್ಚ ಎನ್ನುತ್ತಾರೆ. ಇಷ್ಟು ತಿಳಿದ ಮೇಲೆ ಮುಂದಿನದ್ದನ್ನು ಹೇಳುವ ಅಗತ್ಯವೇ ಇಲ್ಲ; ಆದರೂ ಹೇಳುತ್ತೇನೆ.

"ಸಾರೇ, ಜಪ್ಪಾನಿಲ್ ನಿನ್ನು ಒರು ಮರದಚ್ಚ್. ಅಚ್ಚನ್ಟೇದಾಣ್. ಒರು ಕಡಲಾಸ್ ವೇಣಂ" ಎಂದ ಲೋಕನಾಥ. ಜಪಾನಿನಿಂದ ಬಂದ ಮರದಚ್ಚು, ಅಪ್ಪನದ್ದು, ಒಂದು ಕಾಗದ ಬೇಕು ಎಂದು ಅವನ ಅರ್ಥ.

ಅಧಿಕಾರಿಯ ಕಿವಿಗೆ ಬಿದ್ದದ್ದು: ಜಪಾನ್, ಮರಿಚ್ಚ, ಅಚ್ಚನ್, ಕಾಗದ. ಅವರು ಕುರ್ಚಿಯಿಂದ ಎದ್ದು ನಿಂತರು. ಮುಂದಿನ ಮಾತುಕತೆಯನ್ನು ಇಬ್ಬರೂ ಆಮೇಲೆ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಎರಡೂ ತಾಳೆಯಾಗುತ್ತವೆ. ಕನ್ನಡದಲ್ಲಿ ಕೊಡುತ್ತೇನೆ.

"ವಿಷಯ ಗೊತ್ತಾದದ್ದು ಯಾವಾಗ?"

"ಮೊನ್ನೆಮೊನ್ನೆ ಸರ್. ನೆಕ್ರಾಜೆಯ ಮಾಸ್ಟ್ರು ಹೇಳಿದ್ದು. ಅಲ್ಲಿಯವರೆಗೆ ನಮಗೆ ಅಂದಾಜೇ ಇರಲಿಲ್ಲ."

"ಪ್ರಾಯ?"

"ನೂರು ದಾಟಿರಬೇಕು. ನೋಡಿದರೆ ಹಾಗೆ ಕಾಣುವುದಿಲ್ಲ ಸರ್. ಬಣ್ಣ ಎಲ್ಲ ಹಾಗೆಯೇ ಉಂಟು."

"ಪುಣ್ಯವಂತರು. ಈಗ ಎಲ್ಲಿದ್ದಾರೆ?"

ಜಪಾನಿನ ವಸ್ತುವಿಗೆ ಅಧಿಕಾರಿಗಳು ಇಷ್ಟು ಮರ್ಯಾದೆ ಕೊಡುವುದು ಕಂಡು ಲೋಕನಾಥನೂ ಬಹುವಚನಕ್ಕೆ ಏರಿದ. "ಮನೆಯಲ್ಲೇ ಇದ್ದಾರೆ ಸರ್. ಚಾವಡಿಯಲ್ಲಿ, ಗ್ಲಾಸಿನ ಒಳಗೆ."

ದೂರದ ಮಕ್ಕಳು ಬಂದು ಮುಟ್ಟುವವರೆಗೆ ಹೆಣವನ್ನು ಗ್ಲಾಸಿನ ಮುಚ್ಚಳದ ತಂಪು ಪೆಟ್ಟಿಗೆಯಲ್ಲಿ ಇಡುವುದು ಈಗ ಎಲ್ಲ ಕಡೆ ಉಂಟು. ಅಧಿಕಾರಿ ತಲೆಯಾಡಿಸಿದರು. "ಒಳ್ಳೆಯದಾಯಿತು. ಈ ಸೆಕೆಗೆ ಅದೇ ಸರಿ."

"ಅದೇ ಸರ್. ಗಾಳಿ ತಾಗಿದರೆ ಹಾಳಾಗ್ತದೆ."

"ತೆಗೆಯುವುದು?"

"ನಾಳೆ ಬೆಳಿಗ್ಗೆ. ಗ್ಲಾಸು ಈಶ್ವರಣ್ಣ ಬರ್ತಾರೆ. ಅವರಿಗೆ ಅಭ್ಯಾಸ ಉಂಟು."

"ಅಮ್ಮ ಹೇಗಿದ್ದಾರೆ?"

"ಅಮ್ಮನದ್ದು ಒಂದೇ ಹಠ ಸರ್, ತೆಗೆಯುವುದೇ ಬೇಡ ಎಂತ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಕಾಗದದ ಚಿಂತೆ ಬಿಡಿ. ನಾನೇ ಮಾಡಿಸಿಕೊಡ್ತೇನೆ."

"ಸೀಲ್ ಇರ್ತದಲ್ಲ ಸರ್?"

"ಸೀಲ್ ಇಲ್ಲದೆ ಕೊಡ್ತೇವಾ?"

ಆ ಸಂಜೆ ಲೋಕನಾಥ ನನ್ನ ಅಂಗಡಿಯ ಎದುರು ರಿಕ್ಷಾ ನಿಲ್ಲಿಸಿದ. "ಈಶ್ವರಣ್ಣ, ಅಧಿಕಾರಿ ಎದ್ದು ನಿಂತರು. ಮರದಚ್ಚು ಎಂತ ಹೇಳಿದ ಕೂಡಲೇ ಎದ್ದು ನಿಂತರು. ಕೊನೆಗೆ ನನ್ನ ಹೆಗಲಿಗೆ ಕೈ ಹಾಕಿದರು. ಕಲಿತವರಿಗೆ ಬೆಲೆ ಗೊತ್ತಾಗ್ತದೆ." ಇಷ್ಟು ಹೇಳಿ, ನಾಳೆಗೆ ನಾಲ್ಕು ಜನ ಬರುವ ಅಂದಾಜುಂಟು, ಬಣ್ಣ ಹೋದ ರಿಕ್ಷಾ ಅಂಗಳದಲ್ಲಿ ನಿಂತರೆ ಚಂದ ಅಲ್ಲ ಎಂದು, ಅದನ್ನು ಪೈಂಟಿಗೆ ಕೊಡಲು ವರ್ಕ್‌ಶಾಪಿಗೆ ಹೋದ.

ಅಧಿಕಾರಿ ವಾರ್ಡ್ ಮೆಂಬರ್ ರಶ್ಮಿತಾಳಿಗೆ ಫೋನು ಮಾಡಿದರು. ರಶ್ಮಿತಾ ವಾಟ್ಸಾಪ್ ಗುಂಪಿಗೆ ಹಾಕಿದಳು. ನಮ್ಮ ಗುಂಪಿನಲ್ಲಿ ನೀರು ಬರುವುದಿಲ್ಲ ಎಂದು ಹಾಕಿದರೆ ಯಾರೂ ಓದುವುದಿಲ್ಲ, ಸಾವಾದರೆ ಕೂಡಲೇ ಕೈಮುಗಿದ ಚಿತ್ರಗಳು ಬರುತ್ತವೆ. ನಾನು ಆ ಗುಂಪಿನಲ್ಲಿಲ್ಲ. ಲೋಕನಾಥ ಇದ್ದಾನೆ, ಆದರೆ ಅವನ ಫೋನು ಅಂದು ರಿಕ್ಷಾದ ಡಬ್ಬಿಯಲ್ಲೇ ಉಳಿದು ವರ್ಕ್‌ಶಾಪಿನಲ್ಲಿ ನಿದ್ದೆ ಮಾಡಿತು.

ಬೆಳಿಗ್ಗೆ ನಾನು ಚಿಮಟ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೋದರೆ, ಲೋಕನಾಥನ ಅಂಗಳದಲ್ಲಿ ನೀಲಿ ಟರ್ಪಾಲಿನ ಚಪ್ಪರ. ಅದರ ಅಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಕುರ್ಚಿಗಳ ತುಂಬ ಜನ. ಎಲ್ಲರೂ ಬಿಳಿ ಉಟ್ಟಿದ್ದರು. ಎಲ್ಲ ಪಕ್ಷದವರೂ ಹೆಣದ ಮೇಲೆ ಇಡುವ ದೊಡ್ಡ ದೊಡ್ಡ ಹೂಚಕ್ರ, ರೀತ್, ತಂದಿದ್ದರು. ಗೇಟಿನಲ್ಲಿ ಫ್ಲೆಕ್ಸ್ ಬೋರ್ಡು: 'ಜಪಾನ್ ಐತಪ್ಪಣ್ಣನಿಗೆ ಅಂತಿಮ ನಮನ.' ಐತಪ್ಪಣ್ಣನ ಫೋಟೋ ಎಲ್ಲಿಯೂ ಸಿಗದ ಕಾರಣ ಫ್ಲೆಕ್ಸಿನವ ಜಪಾನಿನ ಹಿಮದ ಬೆಟ್ಟದ ಚಿತ್ರ ಹಾಕಿ, ಬೆಟ್ಟಕ್ಕೇ ಹೂಮಾಲೆ ಇಳಿಬಿಟ್ಟಿದ್ದ.

ನಾನು ಚೀಲವನ್ನು ಬೆನ್ನ ಹಿಂದೆ ಮಾಡಿಕೊಂಡೆ. ಸಾವಿನ ಮನೆಗೆ ಸುತ್ತಿಗೆ ಹಿಡಿದು ಹೋದವನನ್ನು ಜನ ಬಹಳ ಕಾಲ ನೆನಪಿಟ್ಟುಕೊಳ್ಳುತ್ತಾರೆ.

ಚಪ್ಪರ, ಕುರ್ಚಿ ಎಲ್ಲ ಸುಧೀರನ ಖರ್ಚು. ಅವನು ಗೇಟಿನ ಹತ್ತಿರ ಬಾಡಿದ ಮುಖದಲ್ಲಿ ನಿಂತಿದ್ದ. ದುಃಖ ಇತ್ತು, ಇಲ್ಲವೆನ್ನುವುದಿಲ್ಲ. ಜೊತೆಗೆ ಇನ್ನೊಂದೂ ಇತ್ತು. "ನಮ್ಮ ಮನೆಯಲ್ಲಿ ಯಾರು ಸತ್ತರೂ ಕಾಸರಗೋಡಿನ ಆಸ್ಪತ್ರೆಯಲ್ಲೇ, ಈಶ್ವರಣ್ಣ" ಎಂದು ನಿಟ್ಟುಸಿರುಬಿಟ್ಟ.

ಇಷ್ಟರಲ್ಲಿ, ನಸುಕಿಗೇ ನಡೆದು ದೇವಸ್ಥಾನಕ್ಕೆ ಹೋಗಿದ್ದ ಲೋಕನಾಥ ಮನೆಯ ಹಿಂಬದಿಯಿಂದ ಬಂದ. ಮಿಂದು, ಇಸ್ತ್ರಿಯ ಅಂಗಿ ಹಾಕಿ, ಹಣೆಗೆ ಗಂಧ ಇಟ್ಟಿದ್ದ. ಜನರನ್ನು ಕಂಡು ಅವನ ಮುಖ ಅರಳಿತು. ಇದೆಲ್ಲ ಮರದಚ್ಚು ನೋಡಲು ಬಂದ ಊರು ಎಂದು ಅವನು ನಂಬಿದ.

"ಬನ್ನಿ ಬನ್ನಿ, ಕೂತುಕೊಳ್ಳಿ. ಇಷ್ಟು ಜನ ಬರ್ತೀರಿ ಎಂತ ಗೊತ್ತಿರಲಿಲ್ಲ. ಹೂವೆಲ್ಲ ಯಾಕೆ ತಂದಿರಿ? ಈಗ ತೆಗೆಯುವ. ಎಲ್ಲರಿಗೂ ಕಾಣುವ ಹಾಗೆ ಅಂಗಳಕ್ಕೇ ತರುವ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ದುಃಖ ತಲೆಗೆ ಏರಿದೆ" ಎಂದು ಯಾರೋ ಪಿಸುಗುಟ್ಟಿದರು. ಮೆಂಬರ್ ರಶ್ಮಿತಾ ಮುಂದೆ ಬಂದು ಅವನ ಕೈ ಹಿಡಿದಳು.

"ಲೋಕಣ್ಣ, ಧೈರ್ಯ ತೆಗೆದುಕೊಳ್ಳಿ. ಬಾಡಿ ಎಲ್ಲಿ ಉಂಟು?"

"ಬಾಡಿ ವರ್ಕ್‌ಶಾಪಿನಲ್ಲಿ" ಎಂದ ಲೋಕನಾಥ.

"ವರ್ಕ್‌ಶಾಪಿನಲ್ಲಾ?"

"ಪೈಂಟಿಗೆ ಕೊಟ್ಟಿದ್ದೇನೆ. ತಳ ಎಲ್ಲ ತುಕ್ಕು ಹಿಡಿದಿತ್ತು. ನಾಳೆ ಕೊಡ್ತಾರೆ."

ರಶ್ಮಿತಾ ಕೈ ಬಿಟ್ಟಳು. ಹಿಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟೇಹೋದರು.

ನನಗೆ ಆಗಲೇ ಸಂಶಯ ಬಂತು. ಆದರೆ ಒಳಗಿನಿಂದ ದೇಯಿಯತ್ತೆಯ ಅಳು ಕೇಳಿ ನಾನು ಚಾವಡಿಗೆ ಹೋದೆ.

ಅಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಕಿನ್ನಿಯಕ್ಕ ಚಿತ್ರದ ಕೆಳಗೆ ನೆಲದಲ್ಲಿ ಕಾಲು ಚಾಚಿ ಕೂತಿದ್ದರು. ಅಷ್ಟು ಎತ್ತರದ ಹೆಂಗಸು ಆ ದಿನ ಹೆಸರಿಗೆ ತಕ್ಕ ಹಾಗೆ ಕಾಣುತ್ತಿದ್ದರು. ಸುತ್ತ ಹೆಂಗಸರು. ದೇಯಿಯತ್ತೆ ಉಪ್ಪಳದಿಂದ ಬೆಳಗಾಗುವ ಮೊದಲೇ ಕಾರು ಮಾಡಿಸಿಕೊಂಡು ಬಂದಿದ್ದರು. ಮೊಣಕೈಗೆ ವಿಧವೆಗೆ ಉಡಿಸುವ ಹೊಸ ಸೀರೆಯ ಪ್ಯಾಕೆಟ್ ಸಿಕ್ಕಿಸಿಕೊಂಡು ಅಳುತ್ತಿದ್ದರು.

"ತೆಗೆ ಕಿನ್ನಿ. ನಾನು ಬೇಕಾಗಿ ಹೇಳುವುದಾ? ನನ್ನ ತಮ್ಮ ಅಲ್ಲವಾ ಅವ? ನಾನೇ ಎತ್ತಿ ಆಡಿಸಿದ್ದು."

ಕಿನ್ನಿಯಕ್ಕ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಅಳಲಿಲ್ಲ. "ಹೇಳಿದ್ದು ಯಾರು, ಅತ್ತಿಗೆ?"

"ಸರಕಾರ."

"ಹಾಗಾದರೆ ಸರಕಾರ ಬರಲಿ. ಬಂದು ನನ್ನ ಮುಖ ನೋಡಿ ಹೇಳಲಿ. ಆಗ ತೆಗೀತೇನೆ."

ಸರಕಾರ ಅಷ್ಟು ಬೇಗ ಬರುವುದನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ಮಾತು ಮುಗಿಯುವುದರೊಳಗೆ ಆ ಅಧಿಕಾರಿ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಒಂದು ಕೈಯಲ್ಲಿ ರೀತ್, ಇನ್ನೊಂದು ಕೈಯಲ್ಲಿ ಮರಣದ ಅರ್ಜಿ, ತಾವೇ ತುಂಬಿಸಿ ತಂದದ್ದು. ತಂಪು ಪೆಟ್ಟಿಗೆಗಾಗಿ ಚಾವಡಿಯ ನಾಲ್ಕೂ ಮೂಲೆ ನೋಡಿದರು. ಕಾಣದೆ ಗಾಬರಿಯಾದರು. ಕಿನ್ನಿಯಕ್ಕ ಗೋಡೆ ಹಿಡಿದು ಎದ್ದು ನಿಂತರು. ಅವರಿಗೆ ಮಲಯಾಳ ಬರುತ್ತದೆ.

"ನೀವು ಕಂಡದ್ದಾ?"

"ಇಲ್ಲ ಅಮ್ಮ."

"ಮತ್ತೆ ಯಾರು ಕಂಡದ್ದು?"

"ನಿಮ್ಮ ಮಗ ಬಂದು ಹೇಳಿದ್ದು."

ಎಲ್ಲರ ಕಣ್ಣೂ ಲೋಕನಾಥನ ಕಡೆ ತಿರುಗಿತು. ಅವನು ಜನರನ್ನು ಕೂರಿಸಿ, ನನ್ನನ್ನು ಹುಡುಕಿಕೊಂಡು ಆಗ ತಾನೇ ಒಳಗೆ ಬಂದಿದ್ದ.

"ನಾನು ಎಂತ ಹೇಳಿದ್ದು?"

"ಅಪ್ಪ ಸತ್ತರು ಎಂತ. ಜಪಾನಿನಲ್ಲಿ. ಮರಿಚ್ಚ ಅಚ್ಚನ್ ಎಂತ" ಎಂದರು ಅಧಿಕಾರಿ.

ಲೋಕನಾಥ ಗಕ್ಕನೆ ತಿರುಗಿದ. ಗೋಡೆಯ ಕಡೆ ಬೆರಳು ಹೋಯಿತು. "ಮರದಚ್ಚು ಸರ್. ಮರದ ಅಚ್ಚು. ಇದು."

ಅಧಿಕಾರಿ ಚಿತ್ರ ನೋಡಿದರು. ಗ್ಲಾಸು ನೋಡಿದರು. ಹಿಂದಿನ ದಿನದ ಒಂದೊಂದು ಮಾತೂ ಅವರ ಮುಖದ ಮೇಲೆ ಮರಳಿ ಹಾದುಹೋಗುವುದು ನಮಗೆ ಕಾಣುತ್ತಿತ್ತು. ಕೊನೆಗೆ ಅವರು ನನ್ನ ಕಡೆ ತಿರುಗಿ ಕ್ಷೀಣವಾಗಿ, "ಗ್ಲಾಸು ಈಶ್ವರಣ್ಣ?" ಎಂದು ಕೇಳಿದರು.

ನಾನು ಚೀಲದಿಂದ ಚಿಮಟ ತೆಗೆದು ತೋರಿಸಿದೆ.

ಮೊದಲು ಶಬ್ದ ಮಾಡಿದವರು ಕಿನ್ನಿಯಕ್ಕ. ಅದು ನಗೆಯೋ ಅಳುವೋ ಎಂದು ಹತ್ತಿರ ಇದ್ದ ನನಗೂ ಗೊತ್ತಾಗಲಿಲ್ಲ. ಮುಷ್ಟಿ ಸಡಿಲವಾಯಿತು. ದೇಯಿಯತ್ತೆ ತಂದ ಸೀರೆಯನ್ನು ಬೆನ್ನ ಹಿಂದೆ ಮಾಡಿಕೊಂಡು, "ನಿನ್ನ ಮಗನಿಗೆ ನಾಲಿಗೆ ಹೊರಳುವುದಿಲ್ಲವಾ ಕಿನ್ನಿ? ನನ್ನ ಕಾರು ಬಾಡಿಗೆ ಯಾರು ಕೊಡುವುದು?" ಎಂದರು. ಹಾಗೆ ಬೈಯುವಾಗಲೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಧಿಕಾರಿ ರೀತನ್ನು ಎಲ್ಲಿ ಇಡುವುದು ಎಂದು ತಿಳಿಯದೆ, ಹೊರಗೆ ಹೋಗಿ ಬಾಳೆಗಿಡಕ್ಕೆ ಒರಗಿಸಿ ಬಂದರು.

ಸುದ್ದಿ ಅಂಗಳಕ್ಕೆ ಹೋಯಿತು. ಯಾರೂ ಏಳಲಿಲ್ಲ. ಕೆಲಸ ಬಿಟ್ಟು ಬಂದವರು ಏನನ್ನಾದರೂ ನೋಡದೆ ಹೋಗುವುದು ನಮ್ಮಲ್ಲಿ ಕ್ರಮವಲ್ಲ. ಅಷ್ಟರಲ್ಲಿ ಕೇಶವಪ್ರಸಾದ ಮಾಸ್ಟ್ರೂ ಶ್ರೀರಂಜಿನಿಯೂ ಬಂದರು. ಫ್ಲೆಕ್ಸ್ ಓದಿ ಗೇಟಿನಲ್ಲೇ ನಿಂತಿದ್ದ ಅವರನ್ನು ಸುಧೀರ್ ಒಳಗೆ ಕರೆತಂದ. ಕಿನ್ನಿಯಕ್ಕ ಚಿತ್ರ ಇಳಿಸಲು ಒಪ್ಪಿದರು. "ಸತ್ತಿಲ್ಲ ಎಂತ ಸರಕಾರವೇ ಹೇಳಿತಲ್ಲ. ಇನ್ನು ಹೆದರಿಕೆ ಎಂತದ್ದು?" ಅಧಿಕಾರಿ ಅಂಥದ್ದೇನೂ ಹೇಳಿರಲಿಲ್ಲ. ಆದರೆ ಅವರು ತಿದ್ದಲು ಹೋಗಲಿಲ್ಲ. ಅದಕ್ಕೇ ಒಳ್ಳೆಯ ಮನುಷ್ಯ ಎಂದದ್ದು.

ಚಪ್ಪರದ ಅಡಿಯಲ್ಲಿ ಮೇಜು ಹಾಕಿ, ಜನ ಸುತ್ತುವರಿದಿರುವಾಗ ನಾನು ಮೊಳೆ ಕಿತ್ತೆ. ಅಪ್ಪ ಹಾಕಿದ ಮೊಳೆಗಳು, ಗಟ್ಟಿ ಇದ್ದವು. ಹಿಂದಿನ ರಟ್ಟು ತೆಗೆದಾಗ ಅದರಡಿಯಲ್ಲಿ ಮಡಿಸಿದ ಹಳೆಯ ಪತ್ರಿಕೆ. ಲೋಕನಾಥ ಅದನ್ನು ನನ್ನ ಕೈಯಿಂದ ಕಸಿದುಕೊಂಡ. ಬಿಡಿಸಿದ. ಕೊಡವಿದ. ಮತ್ತೊಮ್ಮೆ ಕೊಡವಿದ. ಒಂದು ಸತ್ತ ಹುಳ ಬಿತ್ತು. ರಟ್ಟಿನ ಎರಡೂ ಬದಿ ನೋಡಿದ, ತಗಡಿನ ಕೊಳವೆ ತಂದು ಒಳಗೆ ಬೆರಳು ಹಾಕಿದ.

"ಎಂತ ಹುಡುಕುವುದು ಮಾರಾಯ?" ಎಂದ ಸುಧೀರ್.

"ಇಲ್ಲ, ಸುಮ್ಮನೆ. ಫೋಟೋ ಗೀಟೋ ಇಟ್ಟಿರ್ತಾರಾ ಎಂತ" ಎಂದು ಲೋಕನಾಥ ಪತ್ರಿಕೆಯನ್ನು ಇದ್ದ ಗೆರೆಯಲ್ಲೇ ಮಡಿಸಿದ.

ಸುಧೀರ್ ಆಮೇಲೆ ದೀಪದ ಮಾತು ಎತ್ತಲಿಲ್ಲ.

ಶ್ರೀರಂಜಿನಿ ಕಿಸೆಯಿಂದ ಸಣ್ಣ ಭೂತಗನ್ನಡಿ ತೆಗೆದು ಚಿತ್ರದ ಮೇಲೆ ಬಾಗಿದಳು. ಆಕಾಶದಲ್ಲಿ ಹಲಗೆಯ ನಾರಿನ ಗೆರೆ ಮೂಡಿದ್ದನ್ನು ತೋರಿಸಿದಳು. ಯಂತ್ರದ ಅಚ್ಚಾಗಿದ್ದರೆ ಬಣ್ಣ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು, ಇಲ್ಲಿ ಚುಕ್ಕಿ ಇಲ್ಲ ಎಂದಳು. ಅಧಿಕಾರಿಯೂ ಭೂತಗನ್ನಡಿ ಕೇಳಿ ನೋಡಿ, ಚುಕ್ಕಿ ಇಲ್ಲ ಎಂದು ಮಲಯಾಳದಲ್ಲಿ ದೃಢಪಡಿಸಿದರು. ಶ್ರೀರಂಜಿನಿ ಬೆರಳ ತುದಿಯಲ್ಲಿ ಹಿಡಿದು, ಬಿಸಿ ದೋಸೆ ಮಗುಚಿದ ಹಾಗೆ ಮೆಲ್ಲ ಕಾಗದ ಮಗುಚಿದಳು.

"ನೋಡಿ, ಬಣ್ಣ ಹಿಂಬದಿಗೂ ಇಳಿದಿದೆ. ತೆಳು ಕಾಗದ, ಕೈಯಲ್ಲಿ ಉಜ್ಜಿ ಉಜ್ಜಿ ಒತ್ತಿದ್ದು. ಉಜ್ಜಿದ ಗುರುತು ಉರುಟಾಗಿ ಕಾಣ್ತದೆ. ಮರದಚ್ಚು ಹೌದು, ಅಣ್ಣ. ಸಂಶಯವೇ ಇಲ್ಲ."

ಅಂಗಳದಲ್ಲಿ ಚಪ್ಪಾಳೆಯಾಯಿತು. ಸಾವಿನ ಚಪ್ಪರದಲ್ಲಿ ಚಪ್ಪಾಳೆ ತಟ್ಟಿದ್ದು ನಮ್ಮ ಪಂಚಾಯತಿನಲ್ಲಿ ಅದೇ ಮೊದಲು.

"ನೂರು ವರ್ಷ?" ಎಂದ ಲೋಕನಾಥ.

"ಅಷ್ಟಿಲ್ಲ. ಹಳೆಯ ಚಿತ್ರವನ್ನೇ ಹೊಸ ಹಲಗೆಯಲ್ಲಿ ಕೆತ್ತಿ ಒತ್ತಿದ್ದು. ಪರವೂರಿನಿಂದ ಬಂದವರು ನೆನಪಿಗೆ ಕೊಂಡುಹೋಗ್ತಾರಲ್ಲ, ಆ ಜಾತಿ."

"ಅಂದರೆ ಡೂಪ್ಲಿಕೇಟಾ?"

"ಅಲ್ಲ ಅಣ್ಣ. ಕೈಕೆಲಸವೇ. ಅಪರೂಪದ್ದಲ್ಲ, ಅಷ್ಟೇ. ಯಾರೋ ಮನೆಯವರನ್ನು ನೆನೆದು ಕೊಂಡಿರ್ತಾರೆ."

ಅಧಿಕಾರಿ ಲೋಕನಾಥನ ಹತ್ತಿರ ಬಂದು, ಮರಣದ ಅರ್ಜಿಯನ್ನು ನಾಲ್ಕು ತುಂಡು ಮಾಡಿ ಕಿಸೆಗೆ ಹಾಕಿಕೊಂಡರು. "ಚಿತ್ರಕ್ಕೆ ಕಾಗದ ಬೇಕಿತ್ತಲ್ಲ? ಎಂತ ಬರೆಯಲಿ?"

ಲೋಕನಾಥ ಅಮ್ಮನನ್ನು ನೋಡಿ, "ಬೇಡ ಸರ್" ಎಂದ.

ಕಿನ್ನಿಯಕ್ಕ ಇದು ಯಾವುದನ್ನೂ ಕೇಳುತ್ತಿರಲಿಲ್ಲ. ಮಗುಚಿ ಇಟ್ಟ ಕಾಗದದ ಮೇಲೆ ಬಾಗಿದ್ದರು. ಹಿಂಬದಿಯಲ್ಲಿ ಬಣ್ಣ ಸ್ವಲ್ಪ ಮಾಸಲು, ಮಂಜು ಕವಿದ ಹಾಗೆ. ಆದರೆ ಎಲ್ಲವೂ ಇತ್ತು: ಸಂಕ, ಹೊಳೆ, ಮಳೆ, ಮುಟ್ಟಾಳೆ, ಗೊರಬು. ಮನುಷ್ಯ ಬಲಗಡೆಗೆ ನಡೆಯುತ್ತಿದ್ದ.

"ಈಶ್ವರ" ಎಂದರು ಅವರು.

"ಎಂತ ಅಕ್ಕ?"

"ಇವರು ತಿರುಗಿದರಲ್ಲ."

ನನಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಆ ಮನೆಯ ಗೋಡೆ, ಎಡಗಡೆಯ ಬಾಗಿಲು, ಬಲಗಡೆಯ ಅಡುಗೆಮನೆ ನೆನಪಾಯಿತು.

"ಹೀಗೆಯೇ ಗ್ಲಾಸು ಹಾಕು" ಎಂದರು ಕಿನ್ನಿಯಕ್ಕ.

ಶ್ರೀರಂಜಿನಿ ಕೈ ಅಡ್ಡ ಹಿಡಿದಳು. "ಅಯ್ಯೋ ಅಮ್ಮ, ಇದು ಹಿಂಬದಿ. ಹಿಂಬದಿ ಕಾಣುವ ಹಾಗೆ ಯಾರಾದರೂ ಫ್ರೇಮ್ ಹಾಕ್ತಾರಾ? ಅಕ್ಷರ ಎಲ್ಲ ತಿರುಗುಮುರುಗಾಗಿದೆ."

"ಜಪಾನಿನ ಅಕ್ಷರ ಸರಿ ಇರುವಾಗ ನಾನು ಓದಿದ್ದೇನಾ, ಮಗಾ?"

ಮಾಸ್ಟ್ರು ಏನೋ ಹೇಳಲು ಹೊರಟರು. ಶ್ರೀರಂಜಿನಿ ಅಪ್ಪನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಆಮೇಲೆ ಕಾಗದದ ಅಂಚನ್ನು ತಾನೇ ನೇರ ಮಾಡಿ ನನ್ನ ಕೈಗೆ ಕೊಟ್ಟಳು.

ನಾನು ಈ ಕೆಲಸಕ್ಕೆ ಇಳಿದು ತಲೆ ನರೆತಿದೆ. ಚಿತ್ರವನ್ನು ಬೆನ್ನು ಮುಂದೆ ಮಾಡಿ ಗ್ಲಾಸಿನ ಒಳಗೆ ಇಟ್ಟದ್ದು ಅದೊಂದೇ. ಅಪ್ಪನ ಮೊಳೆಗಳನ್ನೇ ಪುನಃ ಹೊಡೆದೆ. ಲೋಕನಾಥ ಅದನ್ನು ಹಳೆಯ ಗೋಡೆಯ ಹಳೆಯ ಆಣಿಗೇ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಬಂದು ನೋಡಿದ. ಮನುಷ್ಯ ಬಾಗಿಲಿಗೆ ಬೆನ್ನು ಹಾಕಿ, ಮಳೆಯಲ್ಲಿ ಒದ್ದೆಯಾಗುತ್ತಾ, ಅಡುಗೆಮನೆಯ ಕಡೆ ನಡೆಯುತ್ತಿದ್ದ. ಸುಧೀರ್ ಕುರ್ಚಿ ಎಣಿಸುವುದನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತ. ಅಧಿಕಾರಿಯೂ ನಿಂತರು.

ಕೊನೆಗೆ ದೇಯಿಯತ್ತೆಗೇ ತಡೆಯಲಾಗಲಿಲ್ಲ. ಸೀರೆಯ ಪ್ಯಾಕೆಟನ್ನು ಚೀಲದ ತಳಕ್ಕೆ ತುರುಕಿ, ಮೂಗು ಒರೆಸಿಕೊಂಡು ತಮ್ಮನನ್ನು ಗದರಿದರು.

"ಬರುವವನಿಗೆ ಇಷ್ಟು ಹೊತ್ತು ಯಾಕೆ?"

"ಸಂಕ ಉದ್ದ ಉಂಟಲ್ಲ ಅತ್ತಿಗೆ" ಎಂದರು ಕಿನ್ನಿಯಕ್ಕ. "ಮಳೆಯೂ ಉಂಟು."

ಹಾಗೆ ಹೇಳಿ, ಬಂದವರಿಗೆಲ್ಲ ಚಾ ಮಾಡಲು ತಲೆ ತಗ್ಗಿಸಿ ಒಳಗೆ ಹೋದರು.